ಅಕ್ಕನ ತೋಳಿಗೆ ಮಿಲಿಟರಿ ಪಟ್ಟಿ

ಇದು ನಡೆದದ್ದು ಹೋದ ವರ್ಷ ಶ್ರಾವಣದ ಮೊದಲ ಶುಕ್ರವಾರ. ನಮಗೆ ಶ್ರಾವಣ ಹುಟ್ಟಿತ್ತು, ಚೆನ್ನೈಗೆ ಆಡಿ ತಿಂಗಳು ಇನ್ನೂ ಮುಗಿದಿರಲಿಲ್ಲ. ತಾಂಬರಂನ ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ ನೀಲವ್ವ ಇಬ್ಬರೇ ಇದ್ದೆವು. ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಕೊಯಮತ್ತೂರಿಗೆ ಹೋಗಿದ್ದಳು. ಹೋಗುವಾಗ ಮನೆಯ ಆಡಳಿತವನ್ನು ನನಗೆ ಬಿಡದೆ, ರಾಯಪುರಂನಲ್ಲಿ ಮಗನ ಮನೆಯಲ್ಲಿದ್ದ ಅಕ್ಕನನ್ನು ಕರೆಸಿ ಅವಳ ಕೈಗೆ ಒಪ್ಪಿಸಿದಳು. ಇಡೀ ಆಯುಷ್ಯ ವಿಮಾ ಕಂಪನಿಯಲ್ಲಿ ಕೂತು ಊರವರ ಆಪತ್ತುಗಳನ್ನು ಅಳೆದು ತೂಗಿ ನಿವೃತ್ತನಾದವನಿಗೆ ಸ್ವಂತ ಮನೆಯಲ್ಲಿ ಸಿಕ್ಕ ಗೌರವ ಇಷ್ಟು.

ನನಗೊಂದು ವ್ಯಸನವಿದೆ. ಎಲೆ ಅಡಿಕೆಯಲ್ಲ, ಇಸ್ಪೀಟಲ್ಲ. ಮಿಲಿಟರಿಯವರ ಕೈಗಡಿಯಾರ. ಅದರಲ್ಲೂ ನನ್ನ ಭಕ್ತಿ ಇರುವುದು ಗಡಿಯಾರಕ್ಕೆ ಪಟ್ಟಿಯನ್ನು ಕಟ್ಟುವ ಕ್ರಮದ ಮೇಲೆ. ನಿಮ್ಮ ಕೈಯಲ್ಲಿರುವ ವಾಚನ್ನು ಒಮ್ಮೆ ತಿರುಗಿಸಿ ನೋಡಿ. ಮೇಲೆರಡು, ಕೆಳಗೆರಡು ಪುಟ್ಟ ಕೊಂಬುಗಳಿವೆ. ಅವುಗಳ ನಡುವೆ ಸೂಜಿಯಂಥ ಒಂದೊಂದು ಕಡ್ಡಿ. ಆ ಕಡ್ಡಿಯ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು. ನಿಮ್ಮ ವಾಚು ನಿಮ್ಮದಾಗಿ ಉಳಿದಿರುವುದು ಆ ಸ್ಪ್ರಿಂಗಿನ ದಯೆಯಿಂದ. ಒಂದು ದಿನ ಅದು ಸಿಡಿಯಿತೋ, ವಾಚು ನಿಮಗೆ ಒಂದು ಮಾತೂ ಹೇಳದೆ ಹೊರಟುಹೋಗುತ್ತದೆ. ಸೈನಿಕರ ಗಡಿಯಾರದಲ್ಲಿ ಈ ಅನಿಶ್ಚಿತತೆಗೆ ಎಡೆಯಿಲ್ಲ. ಕಡ್ಡಿಯನ್ನು ಕೊಂಬುಗಳಿಗೇ ಬೆಸೆದುಬಿಟ್ಟಿರುತ್ತಾರೆ. ಪಟ್ಟಿಯೂ ಎರಡು ತುಂಡಲ್ಲ, ಒಂದೇ ಉದ್ದನೆಯ ನೈಲಾನ್ ನೇಯ್ಗೆ. ಅದು ಒಂದು ಕಡ್ಡಿಯ ಒಳಗೆ ಇಳಿದು, ಗಡಿಯಾರದ ಹೊಟ್ಟೆಯ ಕೆಳಗೆ ಹಾದು, ಇನ್ನೊಂದು ಕಡ್ಡಿಯಿಂದ ಮೇಲೇಳುತ್ತದೆ. ಪಟ್ಟಿ ಕೈಮೇಲೆ ಇರುವತನಕ ಗಡಿಯಾರ ಎಲ್ಲಿಗೂ ಹೋಗುವಂತಿಲ್ಲ. ಇದನ್ನು ಮನೆಗೆ ಬಂದವರಿಗೆಲ್ಲ ಕೂರಿಸಿ ವಿವರಿಸುತ್ತಿದ್ದೆ. ಬರುವವರು ಕಡಿಮೆಯಾದರು.

ನನ್ನ ಕೈಯಲ್ಲಿದ್ದ ಗಡಿಯಾರವೂ ಅಂಥದ್ದೇ. ಯಾವ ದೇಶದ ಯಾವ ಸಿಪಾಯಿ ಕಟ್ಟಿದ್ದನೋ ಗೊತ್ತಿಲ್ಲ. ಸಕಲ ಗುಣಸಂಪನ್ನ, ಆದರೆ ನಡೆಯುವುದಿಲ್ಲ. ನಾಲ್ಕೂ ಹತ್ತಕ್ಕೆ ನಿಂತಿದೆ.

"ಗಂಟಿ ತೋರಸಂಗಿಲ್ಲ, ಅದನ್ನ ಇಷ್ಟ ಬಿಗದ ಕಟ್ಟಿ ಏನ ಮಾಡ್ತಿ?" ಎಂದು ಅಕ್ಕ ಕೇಳುತ್ತಿದ್ದಳು. "ಓಡಿ ಹೋಗತೈತೇನು ಅದು?"

ಅಕ್ಕನ ಬಳಿ ಓಡಿಹೋಗಬಾರದ ವಸ್ತು ಬೇರೆಯೇ ಇತ್ತು. ನಾವು ಹುಬ್ಬಳ್ಳಿ ಕಡೆಯ ಲಿಂಗವಂತರು. ಅಪ್ಪನ ಕಾಲದಲ್ಲಿ ಅರಳೆ ವ್ಯಾಪಾರಕ್ಕೆಂದು ಬಂದು ಇಲ್ಲೇ ಉಳಿದವರು. ನಮ್ಮವರಿಗೆ ಗುಡಿ ಗೋಪುರಗಳ ಗೊಡವೆ ಅಷ್ಟಿಲ್ಲ. ದೀಕ್ಷೆಯಲ್ಲಿ ಕೊಟ್ಟ ಇಷ್ಟಲಿಂಗ ಎದೆಯ ಮೇಲಿರುತ್ತದೆ, ದಿನಾ ಎಡ ಅಂಗೈಯಲ್ಲಿಟ್ಟು ಪೂಜೆ, ಅಷ್ಟೇ. ನಾನು ಈ ವಿಷಯದಲ್ಲಿ ಸ್ವಲ್ಪ ಸಡಿಲ. ಅಕ್ಕ ಹಾಗಲ್ಲ. ಅವಳ ಲಿಂಗ ಒಂದು ಬೆಳ್ಳಿಯ ಕರಡಿಗೆಯಲ್ಲಿ, ಅಂದರೆ ಲಿಂಬೆಹಣ್ಣಿನಷ್ಟು ದೊಡ್ಡ ಬೆಳ್ಳಿಯ ಗುಂಡು ಡಬ್ಬಿಯಲ್ಲಿ ಇರುತ್ತಿತ್ತು. ಲಿಂಗ ಮೈಮೇಲೆ ಇಲ್ಲದೆ ಅನ್ನ ಮುಟ್ಟುವುದಿಲ್ಲ, ನೀರೂ ಗಂಟಲಿಗೆ ಇಳಿಯುವುದಿಲ್ಲ. ಎಪ್ಪತ್ತು ದಾಟಿದ ಮೇಲೂ ಆ ನೇಮ ಒಮ್ಮೆಯೂ ತಪ್ಪಿರಲಿಲ್ಲ, ಯಾಕೆಂದರೆ ಲಿಂಗ ಒಮ್ಮೆಯೂ ಅವಳನ್ನು ಬಿಟ್ಟು ಹೋಗಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಇಬ್ಬರೂ ಪಲ್ಲಾವರಂ ಸಂತೆಗೆ ಹೋದೆವು. ನನಗೆ ಹೊಸ ಪಟ್ಟಿ ಬೇಕಿತ್ತು, ಅವಳಿಗೆ ಮರುಗದ ಗಿಡ. ಆ ಸಂತೆಗೆ ಹೋದವರಿಗೆ ಗೊತ್ತು, ಅಲ್ಲಿ ಕಾಲಕ್ಕೆ ಅರ್ಥವಿರುವುದಿಲ್ಲ. ಯಾರದೋ ಮದುವೆಯ ಫೋಟೋ ಚೌಕಟ್ಟು, ಹಲ್ಲುದುರಿದ ಹಾರ್ಮೋನಿಯಂ, ಪಂಜರದ ಗಿಳಿ, ಹೊಲಿಗೆ ಯಂತ್ರದ ಕಾಲು, ಎಲ್ಲವೂ ಒಂದೇ ಗೋಣಿತಟ್ಟಿನ ಮೇಲೆ ಬಿಸಿಲು ಕಾಯುತ್ತಿರುತ್ತವೆ. ಮೇಲೆ ವಿಮಾನಗಳು ಇಳಿಯುತ್ತಿರುತ್ತವೆ. ಅವುಗಳ ನೆರಳು ನಿಧಾನವಾಗಿ ಮೀನಿನ ಹಾಗೆ ಈ ಸಾಮಾನುಗಳ ಮೇಲೆ ಈಜಿಕೊಂಡು ಹೋಗುತ್ತದೆ. ಯಾರೂ ತಲೆ ಎತ್ತುವುದಿಲ್ಲ.

ನನಗೆ ಹಸಿರು ನೈಲಾನಿನ ಒಳ್ಳೆಯ ಪಟ್ಟಿ ಸಿಕ್ಕಿತು. ಅಲ್ಲೇ ನಿಂತು ಹಳೆಯದನ್ನು ಬಿಚ್ಚಿ ಹೊಸದನ್ನು ಪೋಣಿಸಿಕೊಂಡೆ. ಅಕ್ಕ ಗಿಡ ಕೊಂಡಳು. ಸಂತೆಯ ಅಂಚಿನಲ್ಲಿ ಅರಳಿ ಮರದ ಕೆಳಗೆ ಒಂದು ಸಣ್ಣ ಪಿಳ್ಳೈಯಾರ್ ಇದ್ದಾನೆ, ನಮ್ಮ ಗಣಪತಿಯೇ. ಅವನ ಪಕ್ಕ ಹೂ ಮಾರುವ ಸೆಲ್ವಿ ಎಂಬಾಕೆ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಅಕ್ಕ ಅಲ್ಲಿ ಬಗ್ಗಿ ಬಹಳ ಹೊತ್ತು ಮಲ್ಲಿಗೆ ಆರಿಸಿದಳು. ಪಿಳ್ಳೈಯಾರ್‌ಗೆ ಮಾತ್ರ ಕೈ ಮುಗಿಯಲಿಲ್ಲ, ಎಂದೂ ಮುಗಿದವಳಲ್ಲ. ಲೋಕಲ್ ರೈಲು ಹತ್ತಿ ಮನೆಗೆ ಬಂದೆವು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಎಂದಿನಂತೆ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟಳು. ಕೈ ಅಲ್ಲೇ ನಿಂತಿತು. ಕಣ್ಣು ತೆರೆಯಲಿಲ್ಲ.

"ತಮ್ಮಾ," ಎಂದಳು. "ಇಲ್ಲೋ."

ಬೆಳ್ಳಿಯ ಸರ ಸೆರಗಿಗೆ ಸಿಕ್ಕಿಕೊಂಡು ಕೊರಳಿನಲ್ಲೇ ಇತ್ತು. ಅದರ ಎರಡೂ ತುದಿಯ ಕೊಂಡಿಗಳು ಬಾಯಿ ಬಿಟ್ಟುಕೊಂಡಿದ್ದವು. ಕರಡಿಗೆ ಇರಲಿಲ್ಲ.

ಆ ಸರ ಹೊಸದು. ಮೊದಲೆಲ್ಲ ಅಕ್ಕ ದಾರದಲ್ಲೇ ಕಟ್ಟಿಕೊಳ್ಳುತ್ತಿದ್ದಳು. ದಾರ ಬೆವರಿಗೆ ಕಪ್ಪಾಗುತ್ತದೆ, "ಪಾಟ್ಟಿ, ಇದು ವೇಣಾಂ, ನಲ್ಲಾ ಇಲ್ಲೆ," ಅಜ್ಜಿ, ಇದು ಬೇಡ, ಚೆನ್ನಾಗಿಲ್ಲ ಎಂದು ರಾಯಪುರಂನ ಮೊಮ್ಮಗಳು ಹಟ ಹಿಡಿದು, ಎರಡೂ ತುದಿಗೆ ಸ್ಪ್ರಿಂಗಿನ ಕೊಂಡಿ ಇರುವ ಸರ ತಂದು ಹಾಕಿದ್ದಳು. ಕನ್ನಡ ತಿಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಆ ಹುಡುಗಿಯ ಪ್ರೀತಿಗೆ ಅಕ್ಕ ಬೇಡವೆನ್ನಲಿಲ್ಲ. ಊರವರ ಸ್ಪ್ರಿಂಗುಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದ ಮಹಾಶಯ ದಿನಾ ಎದುರಿಗೇ ಕೂತು ಉಣ್ಣುತ್ತಿದ್ದ.

ಮನೆಯನ್ನೆಲ್ಲ ಜಾಲಾಡಿದೆ. ಗಿಡದ ಚೀಲ, ಹೂವಿನ ಪೊಟ್ಟಣ, ಚಪ್ಪಲಿಗೂಡು. ಅಕ್ಕ ತಟ್ಟೆಯ ಮುಂದೆ ಹಾಗೇ ಕೂತಿದ್ದಳು. ಅವಳು ರಕ್ತದೊತ್ತಡದ ಮಾತ್ರೆ ನುಂಗುವವಳು. ಈ ಬಿಸಿಲಲ್ಲಿ ನೀರು ಕಡಿಮೆಯಾದರೆ ತಲೆಸುತ್ತಿ ಬೀಳುತ್ತೀರಿ ಎಂದು ಡಾಕ್ಟರು ಎಚ್ಚರಿಸಿದ್ದರು. ಹಿಂದಿನ ಬೇಸಿಗೆಯಲ್ಲಿ ಒಮ್ಮೆ ಬಿದ್ದು ಆಸ್ಪತ್ರೆ ಕಂಡೂ ಬಂದಿದ್ದಳು. ನೀರಿನ ಲೋಟ ಹತ್ತಿರ ತಂದೆ.

"ಬ್ಯಾಡಪಾ."

"ಅಕ್ಕಾ, ಒಂದ್ ಗುಟುಕು. ಶಿವ ಬ್ಯಾಡಂತಾನೇನು?"

"ಅವ ಎಲ್ಲಿ ಬಿದ್ದಾನೋ ಏನೋ ಈ ಬಿಸಲಾಗ. ನಾ ಇಲ್ಲಿ ಕುಂತು ತಂಪಗ ನೀರ ಕುಡೀಲೇನು?" ಎಂದು ಎದ್ದೇಬಿಟ್ಟಳು. "ನಡಿ, ಹೋಗೂಣು."

"ನೀ ಇಲ್ಲೇ ಇರು, ನಾ ಹುಡಕೊಂಡು ಬರ್ತೀನಿ."

"ನಿನಗ ಅವನ ಗುರುತು ಎಲ್ಲೈತಿ?" ಎಂದಳು.

ತಾಂಬರಂ ನಿಲ್ದಾಣದಲ್ಲಿ ಪೊಲೀಸರಿದ್ದ ಕೊಠಡಿಗೆ ಹೋದೆವು. ಒಬ್ಬ ತರುಣ ಕಾನ್‌ಸ್ಟೇಬಲ್ ಮರ್ಯಾದೆಯಿಂದಲೇ ಕೇಳಿದ. ಬೆಳ್ಳಿಯ ಡಬ್ಬಿ, ಒಳಗೆ ಶಿವಲಿಂಗ, ಕಳೆದುಹೋಗಿದೆ ಎಂದು ತಮಿಳಿನಲ್ಲಿ ವಿವರಿಸಿದೆ. ಅವನು ನೆಟ್ಟಗೆ ಕೂತ.

"ಲಿಂಗಮಾ? ಎಂದ ಕೋಯಿಲ್ ಸಾರ್?" ಯಾವ ದೇವಸ್ಥಾನದ್ದು?

ವಿಗ್ರಹ ಕಳವಿನ ಪ್ರಕರಣವೊಂದು ತಾನಾಗಿ ಮನೆ ಬಾಗಿಲಿಗೆ ಬಂದಿದೆ ಎಂಬ ಬೆಳಕು ಅವನ ಮುಖದಲ್ಲಿತ್ತು. ನಾನು ನಮ್ಮ ಧರ್ಮದ ಇತಿಹಾಸವನ್ನು ಮೊದಲಿನಿಂದ ಆರಂಭಿಸಬೇಕೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಕ್ಕ ತನ್ನ ಎದೆ ಮುಟ್ಟಿ ತೋರಿಸಿ, "ಇಂದ ಕೋಯಿಲ್ ಪಾ" ಎಂದಳು. ಈ ದೇವಸ್ಥಾನದ್ದು.

ಅವನು ಅವಳ ಬಾಡಿದ ತುಟಿಗಳನ್ನೊಮ್ಮೆ ನೋಡಿದ. ಪೆನ್ನು ಕೆಳಗಿಟ್ಟು, ನಾವು ಬಂದ ಗಾಡಿಯನ್ನು ತಾನು ವಿಚಾರಿಸುತ್ತೇನೆ, ನೀವು ಮೊದಲು ಸಂತೆಯಲ್ಲಿ ನೋಡಿ, ಪಾಟ್ಟಿಗೆ ನೀರು ಕೊಡಿ ಎಂದ. ಎಲ್ಲರೂ ಅದನ್ನೇ ಹೇಳುತ್ತಿದ್ದರು.

ಮತ್ತೆ ರೈಲು. ಮಧ್ಯಾಹ್ನದ ಗಾಡಿ ಅರ್ಧ ಖಾಲಿ. ಅಕ್ಕ ಕಿಟಕಿಯ ಪಕ್ಕ ಕೂತು ಎಡ ಅಂಗೈಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡಿದ್ದಳು. ಅದು ಅವಳ ಪೂಜೆಯ ಕೈ. ಕಿಟಕಿಯ ಸರಳುಗಳ ನಡುವಿನಿಂದ ಬಿಸಿಲಿನ ತುಂಡೊಂದು ಆ ಅಂಗೈಗೆ ಬಂದು ಬೀಳುತ್ತಿತ್ತು. ಕಂಬ ಅಡ್ಡ ಬಂದಾಗ ಜಾರಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಒಮ್ಮೆ ಬೆರಳುಗಳನ್ನು ಮೆಲ್ಲಗೆ ಮಡಿಚಿ ಅದನ್ನು ಹಿಡಿದ ಹಾಗೆ ಮಾಡಿದಳು. ಚಕ್ರಗಳ ಸದ್ದು ದೂರ ಹೋಯಿತು. ಆ ಗಾಡಿ ಎಲ್ಲಿಯೂ ನಿಲ್ಲದೆ, ಯಾವ ಊರೂ ಬಾರದೆ, ಹೀಗೇ ನಮ್ಮಿಬ್ಬರನ್ನೂ ತೂಗಿಕೊಂಡು ಹೋಗುತ್ತಿರುತ್ತದೆ ಎನಿಸಿತು. ಅಭ್ಯಾಸಬಲದಿಂದ ಕೈ ನೋಡಿಕೊಂಡೆ. ನಾಲ್ಕೂ ಹತ್ತು.

ಪಲ್ಲಾವರಂನಲ್ಲಿ ಇಳಿಯುವಾಗ ಅವಳ ಕಾಲು ತೊಡರಿತು. ತೋಳು ಹಿಡಿದುಕೊಂಡೆ. ಬೆಂಕಿಯ ಹಾಗೆ ಸುಡುತ್ತಿತ್ತು. ಇನ್ನು ಹುಡುಕಾಟ ಸಾಕು, ಬೈದರೂ ಸರಿ, ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಆಗ ಅರಳಿ ಮರದ ಕಡೆಯಿಂದ ಗಂಟೆಯ ಸದ್ದು ಕೇಳಿಸಿತು.

ಮರದ ಕೆಳಗೆ ಜನ ಸೇರಿದ್ದರು. ಕರ್ಪೂರದ ಹೊಗೆ ಏಳುತ್ತಿತ್ತು. ನಾನು ಹೆಗಲುಗಳ ನಡುವೆ ತಲೆ ತೂರಿಸಿ ನೋಡಿದೆ. ಪಿಳ್ಳೈಯಾರ್‌ನ ಪಾದದ ಬಳಿ, ಅರಿಸಿನ ಬಳಿದ ಹೊಸ ಇಟ್ಟಿಗೆಯ ಮೇಲೆ, ಬಾಳೆಲೆಯ ತುಂಡಿನ ನಡುವೆ, ಕುಂಕುಮ ಮೆತ್ತಿಸಿಕೊಂಡು, ಹಾಲಿನಲ್ಲಿ ಮಿಂದು, ಮಲ್ಲಿಗೆ ಮುಡಿದು ನನ್ನ ಅಕ್ಕನ ಲಿಂಗ ಕೂತಿತ್ತು. ಖಾಲಿ ಕರಡಿಗೆ ಪಕ್ಕದಲ್ಲಿ ವಿಭೂತಿ ತುಂಬಿಕೊಂಡು ಸೇವೆಗೆ ನಿಂತಿತ್ತು. ನಾವು ಊಟಕ್ಕೆ ಕೂತು ಏಳುವುದರೊಳಗೆ ನಮ್ಮ ಮನೆದೇವರಿಗೆ ಒಂದು ಊರೇ ಹುಟ್ಟಿಕೊಂಡಿತ್ತು.

ನಡೆದದ್ದು ಇಷ್ಟು. ಸೆಲ್ವಿ ಬುಟ್ಟಿಯ ಹೂವನ್ನು ಕೆದಕಿದಾಗ ಮಲ್ಲಿಗೆಯ ಒಳಗಿಂದ ಬೆಳ್ಳಿಯ ಡಬ್ಬಿ ಬಂತು. ಬಿಚ್ಚಿದರೆ ಕರ್ರಗೆ ಹೊಳೆಯುವ ಲಿಂಗ. ಅದೂ ತಮಿಳರಿಗೆ ಬಲು ಪವಿತ್ರವಾದ ಆಡಿ ತಿಂಗಳ ಶುಕ್ರವಾರ. ಅವಳು ಬೇರೆ ಏನು ಮಾಡಬೇಕಿತ್ತು? ನಾನಾದರೂ ಅದನ್ನೇ ಮಾಡುತ್ತಿದ್ದೆ.

ಹಳದಿ ಶಾಲಿನ, ದಪ್ಪ ಮೀಸೆಯ ಒಬ್ಬರು ಆಗಲೇ ಆಡಳಿತ ವಹಿಸಿಕೊಂಡಿದ್ದರು. ನಾನು ವಿಷಯ ಹೇಳಿದೆ. ಅವರ ಮೀಸೆ ಗಂಭೀರವಾಯಿತು.

"ತಾನಾ ವಂದ ಸಾಮಿ, ಸಾರ್!" ತಾನಾಗಿಯೇ ಬಂದ ದೇವರು. "ಬರೋ ಶುಕ್ರವಾರದೊಳಗೆ ತಗಡಿನ ಮಾಡು ಹಾಕಿಸ್ತೀನಿ ಅಂತ ಈಗ ತಾನೇ ಹರಕೆ ಹೊತ್ತಿದೀನಿ." ಅವರ ತಮಿಳನ್ನು ನನ್ನ ಕೈಲಾದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ತಾನಾಗಿ ಬಂದದ್ದಲ್ಲ, ಇವರೇ. ಸ್ಪ್ರಿಂಗ್ ಸಡಿಲವಾಗಿ ಬಂದದ್ದು," ಎಂದು ಅಕ್ಕನ ಸರದ ಕೊಂಡಿಯನ್ನು ತೋರಿಸಿದೆ. ಕರಡಿಗೆಯ ಎರಡೂ ಬದಿಗೆ ಕಿವಿಗಳಿವೆ, ಅವನ್ನು ಡಬ್ಬಿಗೇ ಬೆಸೆದಿದ್ದಾರೆ, ಅಲ್ಲಿ ದೋಷವಿಲ್ಲ; ದೋಷವಿರುವುದು ಕೊಂಡಿಯಲ್ಲಿ ಎಂದು ಸಾಂಗವಾಗಿ ನಿರೂಪಿಸಿದೆ. ಪರಿಹಾರ ಕೇಳಲು ಬಂದವರನ್ನು ಎದುರಿಗೆ ಕೂರಿಸಿ ಜೀವಮಾನವಿಡೀ ಪ್ರಶ್ನೆ ಕೇಳಿದವನು ಆವತ್ತು ಆಚೆ ಬದಿಯ ಕುರ್ಚಿಯಲ್ಲಿದ್ದೆ.

"ಸರ ಯಾರ ಕೊರಳಲ್ಲಿ ಬೇಕಾದ್ರೂ ಇರುತ್ತೆ ಸಾರ್," ಎಂದರು ಶಾಲಿನವರು. ಆಕ್ಷೇಪ ನ್ಯಾಯವಾದದ್ದೇ. ನಾನೇ ಎಷ್ಟು ಬಾರಿ ಎತ್ತಿರಲಿಲ್ಲ!

ತಿರುಗಿ ನೋಡಿದರೆ ಅಕ್ಕ ಜನರ ನಡುವೆ ನೆಲದ ಮೇಲೆ ಕೂತುಬಿಟ್ಟಿದ್ದಳು. ವಾದ ಅವಳಿಗೆ ಬೇಕಿರಲಿಲ್ಲ. ಲಿಂಗವನ್ನೇ ನೋಡುತ್ತಿದ್ದಳು. ಒಣಗಿದ ತುಟಿಯಲ್ಲಿ ನಗು.

"ನೋಡೋ ತಮ್ಮಾ," ಎಂದಳು. "ನನ್ನ ಕೈಯಾಗ ದಿನಾ ಒಂದ ಹೂವು. ಇಲ್ಲಿ ಮದಿಮಗನ ಗತೆ ಕುಂತಾನ."

ಹಾಗೆನ್ನುತ್ತಲೇ ವಾಲಿದಳು. ಸೆಲ್ವಿ ಹೂವು ಕೆಳಗೆ ಹಾಕಿ ಓಡಿ ಬಂದು ಹಿಡಿದುಕೊಂಡಳು. ನೀರಿನ ಬಾಟಲಿ ತೆರೆದು ಬಾಯಿಗೆ ಹಿಡಿದಳು. "ತಣ್ಣಿ ಕುಡಿಂಗ ಪಾಟ್ಟಿ, ಅಪ್ಪುರಂ ಪೇಸಲಾಂ." ಮೊದಲು ನೀರು, ಆಮೇಲೆ ಮಾತು.

ಅಕ್ಕ ತುಟಿ ಬಿಗಿದು ತಲೆಯಾಡಿಸಿದಳು. ಎಡ ಅಂಗೈಯನ್ನು ಮೆಲ್ಲಗೆ ತೆರೆದು ಮೇಲೆತ್ತಿದಳು, ಲಿಂಗದ ಕಡೆಗೆ.

ಸೆಲ್ವಿ ಆ ಅಂಗೈಯನ್ನು ನೋಡಿದಳು. ಅಂಗೈಯ ನಡುವೆ ವರ್ಷಗಟ್ಟಲೆಯ ವಿಭೂತಿಯಿಂದ ಬೆಳ್ಳಗಾದ ಒಂದು ಗುರುತಿದೆ, ಸಣ್ಣ ನಾಣ್ಯದಷ್ಟು. ಅವಳು ಕಣ್ಣೆತ್ತಿ ಇಟ್ಟಿಗೆಯ ಮೇಲಿನ ಲಿಂಗವನ್ನು ನೋಡಿದಳು. ಮತ್ತೆ ಅಂಗೈ.

"ಅಯ್ಯೋ," ಎಂದಳು. "ಇದು ಅವರ್ ವೀಡು." ಇದು ಅವನ ಮನೆ.

"ಏ ಸೆಲ್ವೀ, ಹರಕೆ ಹೊತ್ತಾಗಿದೆ!" ಎಂದರು ಶಾಲಿನವರು.

"ಪಾಟ್ಟಿ ಇಲ್ಲಿ ಪ್ರಾಣ ಬಿಟ್ಟರೆ ನಿಮ್ಮ ತಗಡಿನ ಕೆಳಗೆ ಯಾರಣ್ಣಾ ಕೂರ್ತಾರೆ? ಸಾಮಿ ಇನ್ನೊಂದು ಆಡಿಗೆ ಬರ್ತಾರೆ, ಬಿಡಿ."

ಅಷ್ಟೇ. ಅವಳು ಲಿಂಗವನ್ನು ಎರಡೂ ಕೈಯಲ್ಲಿ ಎತ್ತಿ, ಆ ಬಾಟಲಿಯ ನೀರಿನಲ್ಲೇ ಕುಂಕುಮ ಹಾಲು ಹೋಗುವ ಹಾಗೆ ತೊಳೆದು, ಸೆರಗಿನಲ್ಲಿ ಒರೆಸಿ, ಅಕ್ಕನ ಅಂಗೈಯಲ್ಲಿ ಇಟ್ಟಳು. ಅಕ್ಕ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಜನರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಗಿಳಿ ಮಾರುವವನೂ ಸರಿದ. ವಿಮಾನವೊಂದು ಬಹಳ ಕೆಳಗೆ ಬಂತು. ಅದರ ನೆರಳು ಅರಳಿ ಮರದ ಮೇಲೆ, ನಮ್ಮೆಲ್ಲರ ಮೇಲೆ, ಅಕ್ಕನ ಅಂಗೈಯ ಮೇಲೆ ತಣ್ಣಗೆ ಹಾದುಹೋಯಿತು. ಅಷ್ಟು ದೊಡ್ಡ ವಿಮಾನಕ್ಕೆ ಸದ್ದೇ ಇರಲಿಲ್ಲ ಎಂದು ನನ್ನ ನೆನಪು ಇವತ್ತಿಗೂ ಹೇಳುತ್ತದೆ. ಅದು ಸಾಧ್ಯವಿಲ್ಲ ಎಂದು ನನಗೂ ಗೊತ್ತು.

ಆಮೇಲೆ ಅಕ್ಕ ನೀರು ಕುಡಿದಳು. ಸೆಲ್ವಿಯ ಬಾಟಲಿ ಖಾಲಿಯಾಯಿತು. ಶಾಲಿನವರೇ ಓಡಿ ಹೋಗಿ ಎಳನೀರು ಕೊಚ್ಚಿಸಿ ತಂದರು.

ಇನ್ನು ಲಿಂಗವನ್ನು ಮನೆಗೆ ಒಯ್ಯುವುದು ಹೇಗೆ? ಕರಡಿಗೆಯಲ್ಲಿಟ್ಟು ಮುಚ್ಚಿದೆವು. ಸರವನ್ನು ಅಕ್ಕ ಮುಟ್ಟಲೊಲ್ಲಳು. ಚೀಲದಲ್ಲಿ ಹಾಕಿಕೊಳ್ಳೋಣ ಎಂದರೆ, ಮೈಮೇಲೆ ಇರಬೇಕು ಎಂದಳು. ಆಗ ನಾನು ಕೈಯಿಂದ ಗಡಿಯಾರ ಬಿಚ್ಚಿ, ಹೊಸ ಹಸಿರು ಪಟ್ಟಿಯನ್ನು ಎಳೆದು ತೆಗೆದೆ. ಅಗಲ ಜಾಸ್ತಿಯಿತ್ತು. ಉದ್ದಕ್ಕೆ ಮಡಿಚಿ, ಕರಡಿಗೆಯ ಒಂದು ಕಿವಿಯಲ್ಲಿ ತೂರಿಸಿ, ಡಬ್ಬಿಯ ಹೊಟ್ಟೆಯ ಕೆಳಗೆ ಹಾಯಿಸಿ, ಇನ್ನೊಂದು ಕಿವಿಯಿಂದ ಹೊರಗೆಳೆದೆ. ಕೊರಳಿಗೆ ಸಾಲುವಷ್ಟು ಉದ್ದವಿರಲಿಲ್ಲ. ಅಕ್ಕನ ಬಡಕಲು ತೋಳಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ತೋಳಿಗೆ ಕಟ್ಟಿಕೊಳ್ಳುವುದೂ ನಮ್ಮಲ್ಲಿ ಉಂಟು. ಬಕಲು ಬಿಗಿದು, ಎಳೆದು ಪರೀಕ್ಷಿಸಿ, "ಇನ್ನ ಎಲ್ಲಿಗೂ ಹೋಗಂಗಿಲ್ಲ. ಮಿಲ್ಟ್ರಿ ಪದ್ಧತಿ," ಎಂದು ಘೋಷಿಸಿದೆ.

ಅಕ್ಕ ತೋಳು ತಿರುಗಿಸಿ ನೋಡಿಕೊಂಡಳು. ಬೆರಳಿನಿಂದ ಪಟ್ಟಿ ಹೋದ ದಾರಿಯನ್ನು ಸವರಿದಳು.

"ಇದರಾಗ ಮಿಲ್ಟ್ರಿ ಎಲ್ಲಿ ಬಂತೋ? ಅವ್ವನ ಶಿವದಾರ ಹಿಂಗ ಇತ್ತಲ್ಲ. ಈ ಕಿವ್ಯಾಗ ಹಾಕಿ, ತಳದಾಗ ಹಾಸಿ, ಆ ಕಿವ್ಯಾಗ ತಗದು. ಒಂದ ದಾರ. ನಾನೂ ಹಂಗ ಕಟಗೊಂಡಿದ್ದೆ, ಸರ ಬರೂ ಮಟಾ." ಸ್ವಲ್ಪ ತಡೆದು ಕೇಳಿದಳು, "ನಿನ್ನ ಮಿಲ್ಟ್ರಿಯವರು ಅವ್ವನ್ನ ನೋಡಿ ಕಲತಾರೇನು?"

ನಾನು ಆ ಮರದ ಕೆಳಗೆ ನಿಂತು, ಅವ್ವನ ಎದೆಯ ಮೇಲೆ ಮಲಗಿ ಬಾಯಲ್ಲಿಟ್ಟು ಚೀಪುತ್ತಿದ್ದ ಬೆವರಿನ ಉಪ್ಪಿನ ಆ ದಾರವನ್ನು ನೆನಪಿಸಿಕೊಂಡೆ. ಅದರ ರುಚಿ ನಾಲಿಗೆಗೆ ಬಂತು. ಅದು ಕಿವಿಯಿಂದ ಕಿವಿಗೆ ಹೋಗುವ ದಾರಿ ಮಾತ್ರ ಎಂದೂ ಕಣ್ಣಿಗೆ ಬಿದ್ದಿರಲಿಲ್ಲ.

ಹೊರಡುವ ಮೊದಲು ಅಕ್ಕ ತಾನು ಬೆಳಿಗ್ಗೆ ಕೊಂಡಿದ್ದಷ್ಟೇ ಮಲ್ಲಿಗೆಯನ್ನು ಸೆಲ್ವಿಯಿಂದ ಮತ್ತೆ ಕೊಂಡು, ಖಾಲಿ ಇಟ್ಟಿಗೆಯ ಮೇಲೆ ಇಟ್ಟಳು. ರೈಲಿನಲ್ಲಿ ಎದುರು ಕೂತ ಕಾಲೇಜು ಹುಡುಗಿಯರು, ಸೀರೆಯುಟ್ಟ ಮುದುಕಿಯ ತೋಳಿನಲ್ಲಿ ಸೈನಿಕರ ಹಸಿರು ಪಟ್ಟಿಯನ್ನೂ ಬೆಳ್ಳಿಯ ಗುಂಡನ್ನೂ ನೋಡಿ ಕಣ್ಣರಳಿಸಿದರು. ಅಕ್ಕ ಸೆರಗು ಸರಿಸಿ, ಸರಿಯಾಗಿ ಕಾಣುವ ಹಾಗೆ ಕೂತಳು.

ಈಗ ಅವಳು ಮತ್ತೆ ದಾರಕ್ಕೆ ಮರಳಿದ್ದಾಳೆ. ಬೆಳ್ಳಿಯ ಸರ ಮೊಮ್ಮಗಳ ಕಾಲ್ಗೆಜ್ಜೆಯಾಗಿದೆ. ಪಟ್ಟಿಯನ್ನು ಕೇಳಿದೆ, ಕೊಡಲಿಲ್ಲ. ಪೂಜೆಯ ಪೆಟ್ಟಿಗೆಯಲ್ಲಿಟ್ಟಿದ್ದಾಳಂತೆ. ಬದಲಿಗೆ ಹತ್ತಿಯ ಎಳೆ ಹೊಸೆದು, ಹೆಣೆದು, ನನ್ನ ಗಡಿಯಾರಕ್ಕೊಂದು ದಾರ ಮಾಡಿಕೊಟ್ಟಳು. ಬೆಸೆದ ಕಡ್ಡಿಗಳ ಕೆಳಗೆ ಅದೇ ದಾರಿಯಲ್ಲಿ ತಾನೇ ಪೋಣಿಸಿ ಕೊಟ್ಟಳು. ಬೆವರಿಗೆ ಕಪ್ಪಾಗುತ್ತಿದೆ. ಗಡಿಯಾರದಲ್ಲಿ ಈಗಲೂ ನಾಲ್ಕೂ ಹತ್ತೇ. ಮನೆಗೆ ಬಂದವರಿಗೆ ನಾನು ಏನೂ ವಿವರಿಸುವುದಿಲ್ಲ, ಅವರಾಗಿ ಕೇಳಿದರೆ ಮಾತ್ರ.

ಅಕ್ಕ ನಮ್ಮಲ್ಲಿಗೆ ಬಂದಾಗ ಶುಕ್ರವಾರದ ಸಂತೆಗೆ ಹೋಗುತ್ತೇವೆ. ಸೆಲ್ವಿ ನಮ್ಮ ಯೋಗಕ್ಷೇಮ ಕೇಳುವುದಿಲ್ಲ. "ಸಾಮಿ ಸೌಕ್ಯಮಾ ಪಾಟ್ಟಿ?" ಎನ್ನುತ್ತಾಳೆ. ಶಾಲಿನವರು ಹರಕೆ ಬಿಡಲಿಲ್ಲ. ಆ ಇಟ್ಟಿಗೆಯ ಮೇಲೆ ತಗಡಿನ ಪುಟ್ಟ ಮಾಡು ಎದ್ದಿದೆ. ಕೆಳಗೆ ಏನೂ ಇಲ್ಲ. ಯಾರೋ ದೀಪ ಹಚ್ಚುತ್ತಾರೆ, ಯಾರೋ ಹೂವಿಡುತ್ತಾರೆ.

ಮೊದಲ ಸಲ ಆ ಮಾಡನ್ನು ಕಂಡಾಗ ಅಕ್ಕ ನಿಂತಳು. ಚಪ್ಪಲಿ ಕಳಚಿದಳು. ಹುಟ್ಟಿದಾಗಿನಿಂದ ಒಂದು ಗುಡಿಯ ಮುಂದೂ ಕೈ ಮುಗಿಯದ ನನ್ನ ಅಕ್ಕ ಆ ಬರಿಯ ಇಟ್ಟಿಗೆಗೆ ಎರಡೂ ಕೈ ಎತ್ತಿ ಮುಗಿದಳು.

"ಅಲ್ಲೇನೂ ಇಲ್ಲಲ್ಲ ಅಕ್ಕಾ," ಎಂದೆ.

"ಇತ್ತಲ್ಲೋ ತಮ್ಮಾ," ಎಂದಳು.

ಆಮೇಲೆ ಸೆರಗಿನೊಳಗೆ ಕೈ ಹಾಕಿ ದಾರವನ್ನೊಮ್ಮೆ ಎಳೆದು ನೋಡಿಕೊಂಡಳು. ನನ್ನ ಕೈಯೂ ತಾನಾಗಿ ಮುಂಗೈಗೆ ಹೋಗಿ, ಅವಳು ಹೆಣೆದ ದಾರವನ್ನು ಎಳೆದು ನೋಡಿತು. ಎರಡೂ ಗಟ್ಟಿಯಾಗಿದ್ದವು. ಮಲ್ಲಿಗೆ ಕೊಂಡು ರೈಲಿನ ಕಡೆಗೆ ನಡೆದೆವು.